ಹದಿಮೂರು ಖಣ

ಮಾಳಮಡ್ಡಿ, ಧಾರವಾಡ
14 ಸೆಪ್ಟೆಂಬರ್ 2025, ರವಿವಾರ

ಪೂಜ್ಯ ವೈನಿ,

ನಮಸ್ಕಾರ. ಅಣ್ಣ ಇದ್ದಿದ್ದರೆ, ಅತ್ತಿಗೆಗೆ ಇಷ್ಟು ಮೋಟು ನಮಸ್ಕಾರವೇ ಎಂದು ಪತ್ರವನ್ನು ಹೊಳ್ಳಿ ನನ್ನ ಕೈಗೇ ಕೊಡುತ್ತಿದ್ದ. ಅವನ ಪತ್ರಗಳಲ್ಲಿ ನಮಸ್ಕಾರವೇ ಅರ್ಧ ಪುಟ, ಸುದ್ದಿ ನಾಲ್ಕು ಸಾಲು. ನನ್ನದು ಅದರ ತಿರುವುಮುರುವು. ಸಹಿಸಿಕೊಳ್ಳಿ.

ಸತ್ತೂರಿನ ಆಸ್ಪತ್ರೆಯಲ್ಲಿ ನಿಮ್ಮ ಕಣ್ಣಿನ ಆಪರೇಶನ್ ಆಗಿ ಹನ್ನೆರಡು ದಿನವಾಯಿತು. ನಾನು ಬಂದದ್ದು ಒಂದು ಸಲ, ಕೂತದ್ದು ಹತ್ತು ನಿಮಿಷ. ಫೋನು ಮಾಡುವುದು ಸುಲಭವಿತ್ತು, ಆದರೆ ನಮ್ಮ ಫೋನು ನಿಮಗೆ ಗೊತ್ತೇ ಇದೆ. ನೀವು "ಊಟಾ ಆತೇನು?" ಅನ್ನುತ್ತೀರಿ, ನಾನು "ಆತು" ಅನ್ನುತ್ತೇನೆ, ಆಮೇಲೆ ಸುರಭಿ ಬಂದು ಫೋನು ಇಸಿದುಕೊಳ್ಳಲಿ ಎಂದು ಇಬ್ಬರೂ ಕಾಯುತ್ತೇವೆ. ಅದಕ್ಕೆ ಪತ್ರ. ಒಂದು ತಿಂಗಳು ನೀವು ಓದಬಾರದಂತೆ. ಹಾಗಾಗಿ ನಿಮ್ಮ ಮಗಳೇ ಓದಿ ಹೇಳಲಿ. ಸುರಭಿ, ವಾರ್ತೆ ಓದಿದ ಹಾಗೆ ಓದಬೇಡ. ನಿನ್ನ ಅವ್ವಗೆ ಕೇಳುವ ಹಾಗೆ, ಸಾವಕಾಶ.

ಅವತ್ತು ನಾನು ಬಂದಾಗ ಹೆಗಲಿಗೊಂದು ಚೀಲ ಇತ್ತು. ಹುಬ್ಬಳ್ಳಿಯ ದುರ್ಗದಬೈಲಿನಿಂದ ನೇರ ನಿಮ್ಮಲ್ಲಿಗೆ ಬಂದಿದ್ದೆ. ನೀವು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ "ಭಾರ ಅದ ಏನೋ, ಕೆಳಗ ಇಡೋ" ಅಂದಿರಿ. ಕುರ್ಚಿಯ ಸದ್ದಿನಿಂದ ತಿಳಿಯಿತೋ, ಹೇಗೆ ತಿಳಿಯಿತೋ. ನಾನು ಇಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡೇ ಚಹಾ ಕುಡಿದು ಎದ್ದು ಬಂದೆ. ಆ ಚೀಲದಲ್ಲಿದ್ದದ್ದರ ಬಗ್ಗೆಯೇ ಬರೆಯಬೇಕಾಗಿದೆ.

ಮೊದಲು ಮನೆಯ ಸುದ್ದಿ. ಗಣಪತಿಗೆ ಮುಂಚೆ ಸುಣ್ಣ ಬಳಿಸಿದೆ. ಅದು ಸತ್ಯವ್ವನ ಹಟ. ಅವಳು ಈಗಲೂ ಕೆಲಸಕ್ಕೆ ಬರುತ್ತಾಳೆ, ಈಗಲೂ ಅರ್ಧ ಕೆಲಸ ಬಾಯಲ್ಲೇ ಮುಗಿಸುತ್ತಾಳೆ. ದೇವರ ಕೋಣೆಯ ಕಪಾಟು ಖಾಲಿ ಮಾಡಲು ನಾನು ನಿಚ್ಚಣಿಕೆ ಹತ್ತಿದ್ದೆ. ಮೇಲಿನ ಅರೆಯಲ್ಲಿ, ಹಿಂದೆ, ತಲೆದಿಂಬಿನಷ್ಟು ದಪ್ಪದ ಒಂದು ಗಂಟು. ಕೈ ಹಾಕಿದ್ದೇ ತಡ, ಕೆಳಗಿನಿಂದ ನಿಮ್ಮ ಹೆಸರು ಹಿಡಿದು ಕೂಗಿದಳು.

"ಅದನ್ನ ಮುಟ್ಟಬ್ಯಾಡ್ರಿ ಸಣ್ಣ ರಾಯರ! ಅಂಬಕ್ಕಾರು ಹೇಳ್ಯಾರ, ಒಳಗ ದೇವರು ಇನ್ನಾ ಕುಂತೈತಿ ಅಂತ."

"ಯಾವ ದೇವರು?"

"ನನಗೇನ್ ಗೊತ್ರಿ? ಓದೂ ದೇವರು. ಕರದು ಕುಂದರಸಿದ್ದು ಆಗೇತಂತ, ಎಬ್ಬಿಸಿ ಕಳಸೂದು ಉಳದೈತಂತ. ವರ್ಷಾ ದಸರಾಕ ಮ್ಯಾಲೊಂದು ಹೊಸಾ ಖಣಾ ಸುತ್ತಿ, ನಾಕ ಅಕ್ಷತಿ ಹಾಕಿ, ಗಲ್ಲಾ ಗಲ್ಲಾ ಬಡಕೊಂತಿದ್ರು. ಅದೂ ನೀವು ಹೊರಗ ಹ್ವಾದ ಮ್ಯಾಲೆ, ಕದಾ ಹಾಕ್ಕೊಂಡು."

ಅವಳು ನನ್ನ ಮುಖ ನೋಡಿ, "ನಾ ಹೇಳಬಾರದಿತ್ತೇನ್ರಿ?" ಅಂದಳು. ನಾನು ಗಂಟು ಇಳಿಸಿಕೊಂಡೆ.

ನನ್ನ ಕೋಣೆಯಲ್ಲಿ ಬಿಚ್ಚಿದೆ. ಒಂದರ ಒಳಗೆ ಒಂದು, ಹದಿಮೂರು ರವಿಕೆಯ ಖಣ. ಪ್ರತಿಯೊಂದರ ಮಡಿಕೆಯಲ್ಲಿ ಒಣಗಿದ ಅಕ್ಷತೆ. ಮೇಲಿನವು ಇನ್ನೂ ಗಂಜಿಯ ಗಡಸು ಬಿಟ್ಟಿರಲಿಲ್ಲ, ಒಳಗಿನವು ಮೆತ್ತಗಾಗಿ ಬಣ್ಣ ಕಳೆದಿದ್ದವು. ಎಂಟನೆಯದು ನನಗೆ ಗುರುತು ಹತ್ತಿತು. ಸುರಭಿಯ ನಿಶ್ಚಯಕ್ಕೆ ಬಂದ ಉಡಿಯಲ್ಲಿನ ಹಸಿರು ಖಣ, ಅದಕ್ಕೆ ನೀವು ರವಿಕೆ ಹೊಲಿಸಿಕೊಳ್ಳಲಿಲ್ಲವೇಕೆ ಎಂದು ಅಣ್ಣ ಕೇಳಿದ್ದ. ಎಲ್ಲಕ್ಕಿಂತ ಒಳಗೆ ನನ್ನ ಲ್ಯಾಪ್‌ಟಾಪು ಇತ್ತು.

ಅದು ಎಂದೋ ಹಳೇ ಸಾಮಾನಿನವನ ಗಾಡಿ ಸೇರಿದೆ ಎಂದು ನಾನು ಹದಿನೆಂಟು ವರ್ಷ ತಿಳಿದಿದ್ದೆ. "ಒಯ್ದು ಒಗೀರಿ ಇದನ್ನ" ಎಂದು ನಾನೇ ಹೇಳಿದ್ದೆನಲ್ಲ.

2007ರ ದಸರೆಯನ್ನು ನಾವಿಬ್ಬರೂ ಮಾತಿನಲ್ಲಿ ತಂದೇ ಇಲ್ಲ. ಇವತ್ತು ತರುತ್ತೇನೆ. ಮೂಲಾ ನಕ್ಷತ್ರದ ದಿನ ನೀವು ಮಣೆಯ ಮೇಲೆ ಮನೆಯವರೆಲ್ಲರ ಪುಸ್ತಕ ಪೇರಿಸಿ ಸರಸ್ವತಿಯನ್ನು ಕರೆಯುತ್ತಿದ್ದಿರಿ. ದಶಮಿಯವರೆಗೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ದಶಮಿಯ ದಿನ ವಿಸರ್ಜನೆ ಮಾಡಿ, ಪ್ರತಿಯೊಬ್ಬರೂ ತಮ್ಮ ಪುಸ್ತಕ ತೆರೆದು ನಾಲ್ಕು ಸಾಲು ಓದಿದರೆ ಪೂಜೆ ಮುಗಿದಂತೆ. ಆ ವರ್ಷ ನೀವು ನನ್ನ ಕೋಣೆಗೆ ಬಂದು ಬಾಗಿಲಲ್ಲಿ ನಿಂತು, "ವಾಮನಾ, ಇದನ್ನೂ ಇಡತೀನೋ" ಅಂದಿರಿ. ನಾನು, ಅದೊಂದು ಯಂತ್ರ, ಆಯುಧಗಳ ಜೊತೆ ಇಡಬೇಕಾದರೆ ಇಡಿ ಎಂದು ನಕ್ಕೆ. "ಹುಚ್ಚಪ್ಪಾ, ಯಂತ್ರ ಹೆಂಗಾದೀತು? ನಿನ್ನ ಕಾದಂಬರಿ ಇದರೊಳಗ ಅದ ಅಂತಿ. ಅಂದಮ್ಯಾಲೆ ಇದು ಪುಸ್ತಕನ." ಮನೆಯಲ್ಲಿ ನನ್ನ ಬರವಣಿಗೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ಬೇರೆ ಯಾರೂ ಇರಲಿಲ್ಲ.

ದಶಮಿಯ ದಿನ ನಾನು ತೆರೆದಾಗ ಒಳಗಿನ ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಕೀಲಿಗಳ ನಡುವೆ ಅಕ್ಷತೆ ಇತ್ತು. ಮುಚ್ಚಳದ ಮೇಲೆ ಕುಂಕುಮ, ಒಣಗಿದ ಒಂದು ನೀರ ಹನಿಯ ಕಲೆ. ತುಳಸಿಯ ಎಲೆಯಿಂದ ನೀವು ಪ್ರೋಕ್ಷಣೆ ಮಾಡಿದ್ದು. ಆಗ ನಾನು ಅಂದದ್ದು ನಿಮಗೆ ನೆನಪಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. "ನಿಮ್ಮ ನೀರು, ನಿಮ್ಮ ಕುಂಕುಮ ನಿಮ್ಮ ಒಲೀ ಹತ್ರನ ಇರಲಿ ವೈನಿ. ನನ್ನ ಖೋಲ್ಯಾಗ ಕಾಲಿಡಬ್ಯಾಡ್ರಿ." ನೀವು ಒಂದೇ ಮಾತು ಕೇಳಿದಿರಿ: "ಯಾರಿಗರೆ ತೋರಸೂಣೇನೋ?" ನಾನು ಬೇಡ ಅಂದೆ.

ಅಂದಿನಿಂದ ನೀವು ನನ್ನ ಹೊಸ್ತಿಲು ದಾಟಲಿಲ್ಲ. ಹನ್ನೆರಡು ವರ್ಷ ಚಹಾದ ಬಟ್ಟಲು ಹೊಸ್ತಿಲಿನ ಆಚೆ ನೆಲದ ಮೇಲೆ ಬರುತ್ತಿತ್ತು. ಅಣ್ಣ ಹೋದ ಮೇಲೆ ಸುರಭಿಯ ಮನೆಗೆ ಹೊರಡುವ ದಿನವೂ ನೀವು ಆಚೆಯೇ ನಿಂತು "ಹೋಗಿ ಬರತೀನಿ" ಅಂದಿರಿ.

ಗಂಟು ಬಿಚ್ಚಿ ಮೂರು ದಿನ ಸುಮ್ಮನಿದ್ದೆ. ಆಮೇಲೆ ರಿಪೇರಿಗೆ ಕೊಡಬೇಕೆನ್ನಿಸಿತು. ಯಾಕೆ ಎಂದು ಕೇಳಿದರೆ ಸರಿಯಾಗಿ ಹೇಳಲಾರೆ. ಧಾರವಾಡದಲ್ಲಿ ಮೂವರು, ಇದನ್ನು ಇಟ್ಟು ಹೊಸದು ತಗೊಳ್ಳಿ ಅಂದರು. ಕೊನೆಗೆ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಯ ಮಾಳಿಗೆಯ ಮೇಲೆ, ಇಕ್ಬಾಲ ಎನ್ನುವವನು ಸಿಕ್ಕ. ನನ್ನ ವಾರಿಗೆಯವನು. ಎರಡೂ ಕೈಯಲ್ಲಿ ತೂಗಿ ನೋಡಿದ.

"ಏನ್ ಸರ, ಇದು ಲ್ಯಾಪ್‌ಟಾಪೋ, ರೊಟ್ಟಿ ಬೇಯಸೂ ಹಂಚೋ?"

"ಆಗತದೇನ್ರಿ?"

"ಆಗ್ಲಿ ಬಿಡ್ಲಿ, ಬಿಚ್ಚಿ ನೋಡತೇನಿ. ದಿನಾ ಮೊಬೈಲ್ ಗ್ಲಾಸ್ ಹಾಕಿ ಹಾಕಿ ಕೈಗೆ ಜಡ್ಡ ಹಿಡದೈತಿ. ಏನಾಗಿತ್ರಿ ಇದಕ್ಕ?"

"ನೀರು ಹೋಗಿತ್ತು. ಪೂಜಾದಾಗ."

ನನ್ನ ಬಾಯಿಂದ ಅದು ತಾನಾಗಿಯೇ ಬಂತು. ಹದಿನೆಂಟು ವರ್ಷದಲ್ಲಿ ಎಷ್ಟು ಜನರ ಮುಂದೆ ಹೇಳಿದ್ದೇನೋ, ಹೆಸರು ಊರು ಹೇಳಿದ ಹಾಗೆ ಬರುತ್ತದೆ.

ಇಕ್ಬಾಲ ಕೆಲಸ ಮಾಡುವ ರೀತಿ ನಿಮಗೆ ಹಿಡಿಸುತ್ತಿತ್ತು. ಒಂದು ಹಾಳೆಯ ಮೇಲೆ ಯಂತ್ರವನ್ನಿಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದ. ಬಿಚ್ಚಿದ ಪ್ರತಿಯೊಂದು ಸ್ಕ್ರೂವನ್ನು ಅದು ಇದ್ದ ಜಾಗದಲ್ಲೇ ಆ ಚಿತ್ರದ ಮೇಲೆ ಇಟ್ಟ. ನೀವು ರಂಗೋಲಿಯ ಚುಕ್ಕೆ ಇಡುತ್ತಿದ್ದ ಹಾಗೆ, ಬೆರಳ ತುದಿಯಿಂದ. "ಬಿಚ್ಚೂದು ಯಾರಿಗರ ಬರತೈತ್ರಿ ಸರ. ಹೊಳ್ಳಿ ಕೂಡಸೂದು ಬರಬೇಕು" ಅಂದ.

ವಾರ ಬಿಟ್ಟು ಹೋದಾಗ ಅವನು ನನ್ನನ್ನು ಕೂಡಿಸಿ, ದೀಪ ಹತ್ತಿರ ಎಳೆದ.

"ನೀರು ಹೋಗಿತ್ತು ಅಂತ ಯಾರ್ ಹೇಳಿದ್ರಿ ನಿಮಗ?"

"ಯಾಕ?"

"ಒಳಗ ಒಂದ ಹನಿ ಹೋಗಿಲ್ಲ. ನೀರು ಹೋದ್ರ ಹಸರ ಕಟ್ಟತೈತಿ, ತುಕ್ಕ ಹಿಡೀತೈತಿ. ಇದನ್ನ ನೋಡ್ರಿ, ಮದಲಗಿತ್ತಿಗತೆ ಐತಿ. ಕುಂಕುಮ ಮುಚ್ಚಳಾ ದಾಟಿಲ್ಲ. ಯಾರ್ ಹಚ್ಚ್ಯಾರೋ, ಭಾಳ ಹಗೂರ ಹಚ್ಚ್ಯಾರ."

ಆಮೇಲೆ ಯಂತ್ರವನ್ನು ಬೋರಲು ಹಾಕಿ, ಹೊಟ್ಟೆಯ ಹತ್ತಿರದ ಸಣ್ಣ ಮುಚ್ಚಳ ತೆಗೆದ. ಬಾಚಣಿಗೆಯಷ್ಟು ಉದ್ದದ ಒಂದು ಹಸಿರು ಪಟ್ಟಿ ಅಲ್ಲಿ ಓರೆಯಾಗಿ ಕೂತಿತ್ತು.

"ತಪ್ಪ ಇಲ್ಲೈತಿ. ಈ ರ್ಯಾಮ್ ಅರ್ಧಾನ ಕುಂತೈತಿ. ಯಾವನೋ ಅರ್ಧಾ ಶಾಣ್ಯಾ ಹೊಸಾದು ತಂದು ತುರಕ್ಯಾನ, ಪೂರಾ ಒತ್ತಿಲ್ಲ. ಹಂಗ ಮುಚ್ಚಿ ಸ್ಕ್ರೂ ಹಾಕ್ಯಾನ. ಇದು ಕೂಡದ ಪರದೆ ಬರೂದಿಲ್ರಿ."

ಹೆಬ್ಬೆರಳಿನಿಂದ ಒತ್ತಿದ. ಟಕ್ ಅಂತ ಸಣ್ಣ ಸದ್ದಾಯಿತು.

"ಇಷ್ಟ ನೋಡ್ರಿ ಸರ."

ಆ ಅರ್ಧಾ ಶಾಣ್ಯಾ ನಾನು, ವೈನಿ. ಅವತ್ತು ಮುಂಜಾನೆ, ನೀವು ಬಂದು ಕೇಳುವುದಕ್ಕೆ ಒಂದು ತಾಸು ಮೊದಲು, ಯಂತ್ರ ಚುರುಕಾಗಲೆಂದು ಹೊಸ ಪಟ್ಟಿ ತಂದು ನಾನೇ ಹಾಕಿದ್ದೆ. ಹಾಕಿ, ಮುಚ್ಚಿ, ಶುರು ಮಾಡಿ ನೋಡುವ ಮೊದಲೇ ಅಣ್ಣ ಸ್ನಾನಕ್ಕೆ ಕೂಗಿದ. ಸ್ನಾನ ಮುಗಿಸಿ ಬಂದಾಗ ನೀವು ಬಾಗಿಲಲ್ಲಿದ್ದಿರಿ. ಅಂದರೆ ಅದು ಮಣೆ ಏರುವ ಮೊದಲೇ ಕೆಟ್ಟಿತ್ತು. ನಿಮ್ಮಿಂದ ಏನೂ ಹಾಳಾಗಲಿಲ್ಲ. ಸುರಭಿ, ಈ ಸಾಲನ್ನು ಇನ್ನೊಮ್ಮೆ ಓದು. ನಿಮ್ಮಿಂದ ಏನೂ ಹಾಳಾಗಲಿಲ್ಲ.

ಉಳಿದದ್ದೆಲ್ಲ ಸಣ್ಣ ಕೆಲಸ. ಬ್ಯಾಟರಿ ಉಬ್ಬಿತ್ತು, ತೆಗೆದು ಹಾಕಿದ. ಹಳೆಯದೊಂದು ಚಾರ್ಜರು ಎಲ್ಲಿಂದಲೋ ತಂದ. ಸಡಿಲಾಗಿದ್ದ ಕೀಲು ಬಿಗಿ ಮಾಡಿದ. ಕೀಲಿಗಳನ್ನು ಒಂದೊಂದಾಗಿ ಕಿತ್ತು, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಅಕ್ಷತೆಯ ಕಾಳುಗಳನ್ನು ಒಂದು ಚೀಟಿಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟ. ಮುಚ್ಚಳದ ಮೇಲಿನ ಕುಂಕುಮ ಮಾತ್ರ ಹಾಗೆಯೇ ಇತ್ತು. ಅದನ್ನೂ ಒರೆಸಿಬಿಡಿ ಅಂದೆ. "ಅದನ್ನ ಒರಸೂದಿಲ್ರಿ ಸರ. ಬ್ಯಾರೆದ್ದು ಕೊಳಿ. ಇದು ಕೊಳಿ ಅಲ್ಲ." ಬೇಕಾದರೆ ನೀವೇ ಒರೆಸಿಕೊಳ್ಳಿ ಎನ್ನುವಂತೆ ಒಂದು ಬಟ್ಟೆ ಮುಂದಿಟ್ಟ. ನಾನು ಆ ಬಟ್ಟೆ ಮುಟ್ಟಲಿಲ್ಲ.

ಶುರುವಾದಾಗ ಅದು ತಾರೀಖು ಮರೆತಿತ್ತು. 2002ರ ಜನವರಿ ಒಂದು ಎಂದು ತೋರಿಸಿತು. ಪರದೆಯ ತುಂಬ ಸುರಭಿಯ ಫೋಟೊ, ಎರಡು ಜಡೆ, ತಂಬೂರಿಯ ಹಿಂದೆ ಅರ್ಧ ಮುಖ. ನಾನು ಬರೆಯುವಾಗ ಸದ್ದಾಗಬಾರದೆಂದು ನೀವು ಅವಳನ್ನೂ ತಂಬೂರಿಯನ್ನೂ ಪಕ್ಕದ ಮನೆಗೆ ಕಳಿಸುತ್ತಿದ್ದಿರಿ. ಎರಡು ವರ್ಷ ಹೋದಳು. ಆಮೇಲೆ ಹೋಗುವುದನ್ನು ಬಿಟ್ಟಳು, ಹಾಡುವುದನ್ನೂ. ಸುರಭಿ, ಇದನ್ನು ನೀನು ಓದುವಾಗ ನಿನ್ನ ದನಿ ಹೇಗಿರುತ್ತದೆ ಎಂದು ಊಹಿಸಲು ನನಗೆ ಆಗುತ್ತಿಲ್ಲ.

ನನ್ನ ಕಡತಗಳೆಲ್ಲ ಇವೆ. ಒಂದೂ ಹೋಗಿಲ್ಲ. ನಾನು ಎಷ್ಟು ಬರೆದಿದ್ದೆನೋ ಅಷ್ಟೂ ಹಾಗೆಯೇ ಇದೆ.

ಈ ಪತ್ರವನ್ನು ಮೊದಲು ಅದರಲ್ಲೇ ಹೊಡೆದೆ. ಆದರೆ ಅದರ ಕನ್ನಡ ಫಾಂಟು ಹಳೆಯದು. ಆ ಅಕ್ಷರಗಳನ್ನು ನಮ್ಮ ಓಣಿಯ ಯಾವ ಅಂಗಡಿಯ ಯಂತ್ರವೂ ಓದುವುದಿಲ್ಲ, ಅಚ್ಚು ಹಾಕಿ ಕೊಡುವುದಿಲ್ಲ. ಪರದೆ ನೋಡಿ ನೋಡಿ ಕೈಯಿಂದ ನಕಲು ಮಾಡುತ್ತಿದ್ದೇನೆ. ನಕಲು ಮಾಡುವಾಗ ಮೂರು ಸಲ ಸಾಲು ತಪ್ಪಿಸಿದೆ. ಒಂದು ಸಲ ಬೇಕೆಂತಲೇ.

ಬರುವ ಗುರುವಾರ ಅಣ್ಣನ ಪಕ್ಷದ ಶ್ರಾದ್ಧ. ಆಚಾರ್ಯರಿಗೆ ಹೇಳಿದ್ದೇನೆ. ನೀವು ಪ್ರಯಾಣ ಮಾಡುವುದು ಬೇಡ, ಹೊಗೆ ಕಣ್ಣಿಗೆ ಆಗದು. ಆದರೆ ಅಕ್ಟೋಬರ್ ಎರಡಕ್ಕೆ ವಿಜಯದಶಮಿ, ನಿಮ್ಮ ತಿಂಗಳೂ ಅವತ್ತಿಗೇ ತುಂಬುತ್ತದೆ. ಯಂತ್ರವನ್ನು ಹದಿಮೂರು ಖಣಗಳ ಸಮೇತ ದೇವರ ಕೋಣೆಯಲ್ಲಿ ಮಣೆಯ ಮೇಲೆ ಇಟ್ಟಿದ್ದೇನೆ. ನಾನು ಇಂಥದ್ದನ್ನು ನಂಬುವವನಲ್ಲ, ಈಗಲೂ ನಂಬುವುದಿಲ್ಲ. ಆದರೆ ನೀವು ಕರೆದವರನ್ನು ನೀವೇ ಕಳಿಸಬೇಕಲ್ಲ. ಅಣ್ಣನಿಲ್ಲದ ಮೇಲೆ ನೀವು ಪೂಜೆಗೆ ಕೂಡಬಹುದೋ ಇಲ್ಲವೋ ಎಂದು ಯಾರಾದರೂ ಅಂದರೆ, ಅವರನ್ನು ನನ್ನ ಹತ್ತಿರ ಕಳಿಸಿ.

ಬಂದರೆ ನನ್ನ ಕೋಣೆಯಲ್ಲಿ ಕೂಡಬೇಕು. ಒಳಗೆ.

ಕಣ್ಣಿಗೆ ಹನಿ ಹಾಕುವುದನ್ನು ತಪ್ಪಿಸಬೇಡಿ. ಸುರಭಿಗೆ, ಅವಳ ಮಗುವಿಗೆ ನನ್ನ ಆಶೀರ್ವಾದ. ನಿಮ್ಮ ಆಶೀರ್ವಾದವನ್ನು ಈ ಸಲ ಕೇಳುವುದಿಲ್ಲ. ಪೂರ್ತಿ ಓದಿಯಾದ ಮೇಲೆ ಕೊಡಬೇಕೆನ್ನಿಸಿದರೆ ಕೊಡಿ.

ನಿಮ್ಮ
ವಾಮನ

ಸುರಭಿ, ಇಲ್ಲಿಗೆ ನಿಲ್ಲಿಸು. ಮಡಿಚಿ ಅಂಟಿಸಿದ ಹಾಳೆ ನಿನ್ನ ಅವ್ವನದು. ಅದನ್ನು ಅವರೇ ಓದಲಿ, ದಶಮಿಯ ಮುಂಜಾನೆ, ಹುಬ್ಬಳ್ಳಿಯಿಂದ ಹೊರಡುವ ಮೊದಲು.

ತಾ.ಕ.

ವೈನಿ, ಹೊಸ ಕಣ್ಣಿನಿಂದ ನೀವು ಓದುವ ಮೊದಲ ನಾಲ್ಕು ಸಾಲು ಇವೇ ಆಗಬೇಕೆಂದು ಕಾದಿಟ್ಟೆ. ಇದೂ ನನ್ನ ಹೇಡಿತನವೇ ಇರಬಹುದು, ಇನ್ನೊಂದು ಹದಿನೆಂಟು ದಿನ ಸಿಕ್ಕಿತಲ್ಲ.

ಪತ್ರದಲ್ಲಿ ಸುಳ್ಳು ಬರೆದಿಲ್ಲ. ಬಿಟ್ಟಿದ್ದೇನೆ. ಕಾದಂಬರಿ ಒಂಬತ್ತು ಪುಟ ಇದೆ, ಒಂಬತ್ತನೆಯದು ಅರ್ಧ. ಅದನ್ನು ಕೊನೆಗೆ ಮುಟ್ಟಿದ್ದು 2006ರ ಮಾರ್ಚಿನಲ್ಲಿ ಎಂದು ಯಂತ್ರ ಹೇಳುತ್ತದೆ, ಪೂಜೆಗೆ ಹತ್ತೊಂಬತ್ತು ತಿಂಗಳ ಹಿಂದೆ. ಆ ಹತ್ತೊಂಬತ್ತು ತಿಂಗಳು, ನೀವು ಚಹಾ ತಂದು ಸದ್ದಾಗದ ಹಾಗೆ ಬಟ್ಟಲು ಇಟ್ಟು ಹೋದ ಎಲ್ಲ ಸಂಜೆಗಳಲ್ಲಿ, ನಾನು ಅದರಲ್ಲಿ ಇಸ್ಪೀಟು ಆಡುತ್ತಿದ್ದೆ. ಎರಡು ಸಾವಿರದ ಮುನ್ನೂರ ಹನ್ನೊಂದು ಆಟ. ಅದನ್ನೂ ಯಂತ್ರ ಮರೆತಿಲ್ಲ. ಇದಕ್ಕಾಗಿ ಸುರಭಿ ಪಕ್ಕದ ಮನೆಗೆ ಹೋಗಿದ್ದಳು.

ಅರ್ಧ ಕೂತ ಆ ಪಟ್ಟಿಯನ್ನು ಇಕ್ಬಾಲ ತೋರಿಸಿದಾಗ ನನಗೆ ಹೊಸದೇನೂ ತಿಳಿಯಲಿಲ್ಲ. ಆ ವರ್ಷವೇ, ದಶಮಿ ಕಳೆದು ಮೂರನೇ ದಿನ ಮೇಜಿನ ಮೇಲೆ ಸ್ಕ್ರೂ ಡ್ರೈವರ್ ಕಂಡಾಗಲೇ ನೆನಪಾಗಿತ್ತು. ಎದ್ದು ದೇವರ ಕೋಣೆಗೆ ಬಂದು, ಅದು ಎಲ್ಲಿದೆ ವೈನಿ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮೂರು ದಿನದಲ್ಲಿ ಮಾಳಮಡ್ಡಿಯ ಅರ್ಧ ಜನ ಬಂದು ನನ್ನ ಕೈ ಹಿಡಿದು ಹೋಗಿದ್ದರು. ಬರೆಯಲಾರದವನಾಗಿದ್ದ ನಾನು ಬರೆದದ್ದನ್ನು ಕಳೆದುಕೊಂಡವನಾಗಿದ್ದೆ. ಅದು ಎಷ್ಟು ಹಗುರವಾಗಿತ್ತು ಎಂದರೆ ಅದರ ಭಾರವನ್ನು ಹೊರುತ್ತಿರುವವರು ಬೇರೆಯವರು ಎನ್ನುವುದನ್ನು ನಾನು ನೋಡಲೇ ಇಲ್ಲ. ನೋಡಿದೆ. ಮತ್ತೆ ಬೇರೆ ಕಡೆ ನೋಡಿದೆ.

ಕೊನೆಯದು ಅಣ್ಣನದು. 2019ರಲ್ಲಿ, ಅವನು ಹೋಗುವ ಹಿಂದಿನ ದಿನ, ನನ್ನನ್ನು ಹತ್ತಿರ ಕರೆದು, "ವಾಮ್ಯಾ, ಅಕಿನ್ನ ಕ್ಷಮಿಸಿಬಿಡೋ. ಗೊತ್ತಿಲ್ಲದ ಮಾಡ್ಯಾಳ" ಅಂದ. ನಿಜ ಹೇಳಲು ನನಗೆ ಅಷ್ಟು ಒಳ್ಳೆಯ ಹೊತ್ತು ಮತ್ತೆ ಸಿಗುವಂತಿರಲಿಲ್ಲ, ಕೇಳುವವನಿಗೂ. ನಾನು, "ಯಾವಾಗೋ ಕ್ಷಮಿಸೀನಿ ಅಣ್ಣ" ಅಂದೆ.

ನೀವು ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಿರಿ. ಕೇಳಿಸಿಕೊಂಡಿರಿ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಿರಿ, ಅಣ್ಣನಿಗೆ ಎರಡು ಚಮಚ ಕುಡಿಸಿದಿರಿ, ಅದು ಇಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಿರಿ. ನಿಮ್ಮ ಮುಖ ಅಷ್ಟು ನಿರಾಳವಾಗಿದ್ದನ್ನು ನಾನು ಹನ್ನೆರಡು ವರ್ಷದಲ್ಲಿ ನೋಡಿರಲಿಲ್ಲ. "ಆರಿಹೋಗತದ, ನೀ ಕುಡಿಯೋ" ಎಂದು ಲೋಟ ನನ್ನ ಕೈಗೆ ಕೊಟ್ಟಿರಿ.

ಕುಡಿದೆ, ವೈನಿ. ಸಕ್ಕರೆ ಸರಿಯಾಗಿತ್ತು.